ನಾಲ್ಕು ಗಂಟೆಯ ಫೋನು

ದೋಬ್ರೊಮಿರ್,

ನಾಲ್ಕಕ್ಕೆ ಫೋನ್ ಎತ್ತಲಿಲ್ಲವೆಂದು ಓಡಿ ಬಂದೆಯಾ? ಮೊದಲು ಕೂತು ಸುಧಾರಿಸಿಕೋ.

ಒಲೆಯ ಮೇಲೆ ಕಾಳಿನ ಸಾರಿದೆ. ಲ್ಯುತೆನಿತ್ಸಾ ಚಟ್ನಿಯ ಬಾಟಲಿಗಳು ನನ್ನ ಜೊತೆ ಬರುತ್ತವೆ. ಬಾಲ್ಕನಿಯಲ್ಲಿ ನಿಂತು ಮೆಣಸಿನಕಾಯಿ ಸುಟ್ಟವಳು ನಾನು.

ಮೀನುಗಳಿಗೆ ಬೆಳಿಗ್ಗೆ ಒಂದು ಚಿಟಿಕೆ ಸಾಕು, ಹೆಚ್ಚಾದರೆ ನೀರು ಕೆಡುತ್ತದೆ. ನೀರು ಬದಲಿಸುವುದಾದರೆ ಬಚ್ಚಲಿನ ಬಕೆಟ್ಟಿನದನ್ನೇ ಹಾಕು, ಕ್ಲೋರಿನ್ ಹೋಗಲೆಂದು ಎರಡು ದಿನದಿಂದ ಹಿಡಿದಿಟ್ಟಿದ್ದೇನೆ. ನಲ್ಲಿಯಿಂದ ನೇರ ಸುರಿದು ಅವನ್ನೂ ಕೊಲ್ಲಬೇಡ.

ಆರು ತಿಂಗಳಿಂದ ದಿನಾ ನಾಲ್ಕಕ್ಕೆ ಫೋನು. ಎತ್ತಿದರೆ ಆ ಕಡೆ ಮಾತೇ ಇಲ್ಲ. "ಯಾವನೋ ಪೋಲಿ ಕಣೇ, ಬಿಟ್ಹಾಕು," ಅಂದೆ ನೀನು. ಪೊಲೀಸರಿಗೆ ಹೇಳುತ್ತೇನೆ ಎಂದು ನಾನಂದರೆ, "ನಿನ್ನ ವಯಸ್ಸಿಗೆ ಯಾರು ಹಿಂದೆ ಬೀಳ್ತಾರೆ?" ಅಂತ ನಕ್ಕೆ. ನಿನ್ನೆ ನಾನು ಫೋನ್ ಇಡದೆ ಕಿವಿಗೊಟ್ಟು ಕೂತೆ. ಹಿಂದೆ ಗುಳುಗುಳು ಸದ್ದು, ನಡುನಡುವೆ ಒಂದು ಬಿಕ್ಕಳಿಕೆ. ನಮ್ಮ ಮೀನಿನ ತೊಟ್ಟಿಯ ಹಳೇ ಗಾಳಿ ಪಂಪು! ನಿನ್ನ ಕಚೇರಿಯ ಮೀನಿಗೆಂದು ಒಯ್ದೆಯಲ್ಲ, ಅದೇ. ನಡುಗದಿರಲೆಂದು ಅದರ ಅಡಿಗೆ ನನ್ನ ಚಪ್ಪಲಿ ಕತ್ತರಿಸಿ ಇಟ್ಟವನು ನೀನು. ಹನ್ನೊಂದು ವರ್ಷ ಅದರ ಪಕ್ಕ ಮಲಗಿದವಳಿಗೆ ಗುರುತು ಸಿಗುವುದಿಲ್ಲವೇ?

ಹೆಂಡತಿ ಮನೆಯಲ್ಲಿದ್ದಾಳೋ ಇಲ್ಲವೋ ನೋಡುವುದಕ್ಕೆ ಇಷ್ಟು ಕಳ್ಳಾಟ! ಬಾಯಿಬಿಟ್ಟು ಕೇಳಿದ್ದರೆ ಹೇಳುತ್ತಿದ್ದೆ: ಇದ್ದೇನೆ, ನಿನ್ನ ಮೀನಿನ ತೊಟ್ಟಿಯ ಗಾಜು ಉಜ್ಜುತ್ತಿದ್ದೇನೆ.

ವಿದಿನ್ ಊರಿಗೆ, ಅಕ್ಕನ ಮನೆಗೆ ಹೊರಟೆ. ನಾಳೆ ನಾಲ್ಕಕ್ಕೆ ಮನೆಯಲ್ಲೇ ಇರು. ಫೋನ್ ಬರುತ್ತದೆ, ಎತ್ತು. ನಾನೂ ಮಾತಾಡುವುದಿಲ್ಲ.

ಜೊರ್ನಿತ್ಸಾ