ನಿಧಾನ ಗಡಿಯಾರದ ಏಳು ಪುಟಗಳು

ತಿರ್ಲಾಪುರ
೧೮ ಫೆಬ್ರುವರಿ ೧೯೮೬

ನನ್ನ ಮಗಳು ಸಣ್ಣವ್ವಳಿಗೆ ಅಪ್ಪನ ತುಂಬು ಹರಕೆ.

ಸೊಲ್ಲಾಪುರದ ಧೂಳಿಗೆ ಹಿಡಿದಿದ್ದ ನಿನ್ನ ಕೆಮ್ಮು ಈಗ ಹೇಗಿದೆ? ಅಳಿಯಂದಿರಿಗೆ ರೈಲ್ವೆಯಲ್ಲಿ ಹಗಲಿನ ಪಾಳಿ ಸಿಕ್ಕಿತೇ? ನಿನ್ನ ಅವ್ವ ಆರಾಮ ಇದ್ದಾಳೆ. ನನ್ನನ್ನು ಬೈಯುವಷ್ಟು ಶಕ್ತಿ ಇದೆ ಎಂದರೆ ನಿನಗೆ ತಿಳಿಯುತ್ತದೆ. ನನಗೆ ಮಾತ್ರ ಒಂದು ತಿಂಗಳಿಂದ ಊಟ ಸೇರುತ್ತಿಲ್ಲ. ಅದರ ಕಾರಣ ಬರೆಯುತ್ತೇನೆ.

ನಾನು ಸಾಲೆಯಲ್ಲಿ ಮೂವತ್ತು ವರ್ಷ ಓದಿಸಿದ ಆ ಇಂಗ್ಲಿಷ್ ಪ್ರಬಂಧಗಳ ಪುಸ್ತಕ ನಿನಗೆ ಗೊತ್ತೇ ಇದೆ. ಬರೆದವನು ಸತ್ತು ಐವತ್ತು ವರ್ಷವಾಯಿತು, ಅಚ್ಚು ಹಾಕಿದ ಲಂಡನ್ನಿನ ಕಂಪನಿಯೂ ಮುಚ್ಚಿತು. ಮರುಮುದ್ರಣ ಮಾಡಲೇ ಎಂದು ಅವನ ಮೊಮ್ಮಗಳಿಗೆ ಬರೆದಿದ್ದೆ. ತನ್ನ ಬಳಿ ಒಂದು ಪ್ರತಿಯೂ ಇಲ್ಲ, ನೀವು ಅಚ್ಚು ಹಾಕಿಸಿದರೆ ಅಜ್ಜನನ್ನು ಮೊದಲ ಸಲ ಓದುತ್ತೇನೆ ಎಂದು ಆಕೆ ಉತ್ತರ ಬರೆದಳು. ಹಾಗೆ ಅಂದ ಮೇಲೆ ನಾನು ಮನೆಯಲ್ಲಿ ಕೂತೇನೇ? ನನ್ನಲ್ಲಿ ಉಳಿದಿದ್ದ ಒಂದೇ ಪ್ರತಿಯ ಹಾಳೆ ಬಿಡಿಸಿಕೊಂಡು ನವಲಗುಂದದ ಪ್ರೆಸ್ಸಿಗೆ ಹೋದೆ. "ಮಾಸ್ತರ್ರ, ನಾವು ಲಗ್ನಪತ್ರಿಕಿ ಮಂದಿ, ಸಾಹೇಬನ್ನ ತಂದು ಕೂಡ್ರಿಸಿದ್ರಿ" ಎಂದು ಮಾಲೀಕ ನಕ್ಕ. ಅಚ್ಚಿನ ಮೊಳೆ ಜೋಡಿಸುವ ಮಂಜಪ್ಪನಿಗೆ ಇಂಗ್ಲಿಷ್ ಬಾರದು. ಒಂದೊಂದೇ ಅಕ್ಷರದ ಆಕಾರ ನೋಡಿ ಆರಿಸಿ ಇಡುತ್ತಾನೆ. "ಓದಾಕ ಬರೂದಿಲ್ರಿ, ಅದಕ್ಕ ತಪ್ಪೂ ಆಗೂದಿಲ್ರಿ" ಎನ್ನುತ್ತಿದ್ದ. ನಿಜವಾಗಿಯೂ ಹತ್ತು ಪ್ರಬಂಧಗಳು ಮುತ್ತಿನಂತೆ ಅಚ್ಚಾದವು.

ಉಳಿದದ್ದು ಕೊನೆಯದೊಂದು, ನಿಧಾನ ನಡೆಯುವ ಗಡಿಯಾರದ ಪ್ರಬಂಧ. ಮಂಜಪ್ಪ ಏಳೂ ಪುಟ ಜೋಡಿಸಿ ಮುಗಿಸಿದ. ಲಗ್ನಪತ್ರಿಕೆಗೆ ಮೂಲ ಹಾಳೆ ಕಾಯ್ದಿಡುವ ರೂಢಿ ಅಲ್ಲಿಲ್ಲ. ಜೋಡಿಸಿ ಆದೊಡನೆ ಅದು ಶಾಯಿ ಒರೆಸಲು ಹೋಗುತ್ತದೆ. ನಮ್ಮ ಏಳು ಪುಟಗಳೂ ಹಾಗೆಯೇ ಹೋದವು. ಪ್ರೂಫ್ ತೆಗೆಯುವ ಮೊದಲೇ ಮೊಳೆಗಳ ತಟ್ಟೆಗಳು ನೆಲಕ್ಕೆ ಬಿದ್ದವು. ಅಷ್ಟೂ ಅಕ್ಷರ ಜೋಳ ಚೆಲ್ಲಿದಂತೆ ಹರಡಿದವು. ಈಗ ಆ ಪ್ರಬಂಧ ಈ ಭೂಮಿಯ ಮೇಲೆ ಎಲ್ಲಿದೆಯೋ ನನಗೆ ತಿಳಿಯದು. ಎಂಟು ಕಾಲೇಜುಗಳಿಗೆ ಬರೆದೆ, ಎಲ್ಲೂ ಇಲ್ಲ.

ಯವ್ವಾ, ಅದು ನಿನ್ನ ತಲೆಯಲ್ಲಿ ಇದ್ದೀತು. ಹತ್ತನೆಯ ಇಯತ್ತೆಯಲ್ಲಿ ನೀನು ಅದನ್ನು ಪೂರ್ತಿ ಬಾಯಿಪಾಠ ಮಾಡಿ ಸಾಲೆಯ ಸಭೆಯಲ್ಲಿ ಹೇಳಿದ್ದೆ. ನೆನಪಾದಷ್ಟು ಬರೆದು ಕಳಿಸು. ಮರೆತ ಕಡೆ ಖಾಲಿ ಬಿಡು, ನಿನ್ನ ಮಾತು ತುಂಬಬೇಡ. ಹೋಳಿಯ ಒಳಗೆ ಆಗದಿದ್ದರೆ ಅಚ್ಚಾದದ್ದನ್ನೆಲ್ಲ ರದ್ದಿಗೆ ಹಾಕುತ್ತೇನೆ, ಇಡಲು ಜಾಗವಿಲ್ಲ ಎಂದಿದ್ದಾನೆ ಮಾಲೀಕ. ತಟ್ಟೆ ಬೀಳಿಸಿದನೆಂದು ಮಂಜಪ್ಪನನ್ನು ಕೆಲಸದಿಂದ ಬಿಡಿಸಿದ್ದಾನೆ. ಮೊನ್ನೆ ಅವನ ತಾಯಿ ದುರಗವ್ವ ನಮ್ಮ ಬಾಗಿಲಿಗೆ ಬಂದು, "ಮಾಸ್ತರ್ರ, ನೀವು ಅಲ್ಲೇ ನಿಂತಿದ್ರಂತ. ನನ್ನ ಮಗನ ಕೈಯಾಗಿಂದ ಬಿತ್ತೇನ್ರಿ?" ಎಂದು ಕೇಳಿದಳು. ನಿನ್ನ ಅವ್ವ ಆಕೆಗೆ ಚಹಾ ಕೊಟ್ಟಳು. ನಾನು ಕೆಮ್ಮಿದೆ.

ಅಳಿಯಂದಿರಿಗೆ ನಮಸ್ಕಾರ ತಿಳಿಸು. ನಿನ್ನ ಮನೆ ತುಂಬಿರಲಿ.

ನಿನ್ನ ಅಪ್ಪ,
ಅಮೋಘಸಿದ್ದಪ್ಪ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಹಾಳೆಗಳನ್ನು ನನಗೆ ಕಳಿಸಬೇಡ, ನೇರ ಮಾಲೀಕನ ಹೆಸರಿಗೆ ಕಳಿಸು. ಮೊದಲ ಹಾಳೆಯಲ್ಲಿ ಕನ್ನಡದಲ್ಲಿ ಇಷ್ಟು ಬರೆ: "ತಟ್ಟೆ ಬೀಳಿಸಿದ್ದು ಮಂಜಪ್ಪನಲ್ಲ, ಅವನು ಬೇಡ ಬೇಡ ಎನ್ನುತ್ತಿದ್ದರೂ ಎತ್ತಿ ನೋಡಲು ಹೋದ ನನ್ನ ಅಪ್ಪ." ಇದನ್ನು ಹೇಳಲು ನಾನೇ ಮೂರು ಸಲ ಪ್ರೆಸ್ಸಿನ ಮೆಟ್ಟಿಲ ತನಕ ಹೋಗಿ ತಿರುಗಿ ಬಂದೆ. ನನ್ನ ಬಾಯಿಂದ ಹೊರಡುತ್ತಿಲ್ಲ. ಪ್ರಬಂಧ ನಿನಗೆ ಒಂದು ಸಾಲೂ ನೆನಪಾಗದಿದ್ದರೂ ಆ ಹಾಳೆಯನ್ನು ಕಳಿಸು.