ಮೋತ್ಯಾ ರೊಟ್ಟಿ ತಿಂದಿತು

ಫೆಬ್ರವರಿ 5, ಬೆಳಿಗ್ಗೆ

ಮೋತ್ಯಾನಿಗೆ ರೊಟ್ಟಿ ಹಾಕಿದೆ. ತಿಂದಿತು. ನೀರೂ ಕುಡಿಯಿತು. ಸದ್ಯ!

ನನ್ನ ಕೆನ್ನೆ ಹರಿದ ನಾಯಿಗೆ ನಾನೇ ಕೈಯಾರೆ ಉಣಿಸಬೇಕು. ಬೇರೆ ಯಾರೂ ಹತ್ತಿರ ಸುಳಿಯುವುದಿಲ್ಲ. ಹತ್ತು ದಿನ ಕಟ್ಟಿಹಾಕಿ ನೋಡಿ, ಆರಾಮಾಗಿದ್ದರೆ ಅದಕ್ಕೆ ಹುಚ್ಚಿಲ್ಲ ಎಂದಿದ್ದಾರೆ ಡಾಕ್ಟರ್‌ಬಾಯಿ. ಹದಿಮೂರಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ನನ್ನ ಕೂಸು ಓವಿಯನ್ನು ಎತ್ತಿಕೊಳ್ಳುವಂತಿಲ್ಲ — ಇದು ಅತ್ತೆಯ ಕಾನೂನು.

"ವಿಷ ಹಾಲಿಗೂ ಇಳೀತದ ಸೊಸೀ. ನಾಯಿ ಉಳೀಲಿ, ಆಮ್ಯಾಲೆ ಕೂಸು ನಿಂದೇ."

ಇವರು? ತಲೆ ತಗ್ಗಿಸಿ ಚಹಾ ಕುಡಿದರು.

ಫೆಬ್ರವರಿ 6

ಮಿರಜದ ಆಸ್ಪತ್ರೆ. ತೋಳಿಗೆ ಇನ್ನೊಂದು ಸೂಜಿ. ಪಟ್ಟಿ ಬದಲಾಯಿತು. ಮೊದಲ ದಿನ ಅತ್ತೆ ಮೆತ್ತಿದ್ದ ಖಾರಪುಡಿಯನ್ನು ಸಾಬೂನಿನಿಂದ ತೊಳೆದಾಗ ಜೀವ ಹೋಗಿತ್ತು... ಆಮೇಲೆ ಗಾಯದೊಳಗೇ ಔಷಧಿ ಚುಚ್ಚಿದ್ದರು.

"ಇದೇನ್ರೀ, ಗೋಣಿಚೀಲದಂಗ ಸಡಿಲ ಹೊಲದೀರಿ!" ಎಂದರು ಅತ್ತೆ.

"ಬಿಗಿದ್ರೆ ಒಳಗ ಕೀವು ತುಂಬತದ, ಆಜಿ. ಮೊದ್ಲು ಜೀವ, ಚಂದ ಆಮ್ಯಾಲೆ."

ಹಾಲಿನ ವಿಷಯ ಡಾಕ್ಟರ್‌ಬಾಯಿಯನ್ನು ಕೇಳಿದೆ. "ಕುಡಸವ್ವಾ! ಬ್ಯಾಡ ಅಂದೋರ್ಯಾರು?"

ಮನೆಗೆ ಬಂದ ಮೇಲೆ ಅತ್ತೆ, "ಅಕಿಗೇನು, ಕೂಸು ಅಕಿದಾ?"

ಫೆಬ್ರವರಿ 10

ಎದೆ ಕಲ್ಲಾಗಿದೆ. ಬಚ್ಚಲಲ್ಲಿ ಹಾಲು ಹಿಂಡಿ ಚೆಲ್ಲಿದೆ. ಒಳಕೋಣೆಯಲ್ಲಿ ಓವಿಯ ಅಳು. ಕನ್ನಡಿಯನ್ನೂ ತೆಗೆದಿಟ್ಟಿದ್ದಾರೆ. ಮುಖ ಯಾರಿಗೆ ಬೇಕು!

ಮೋತ್ಯಾ ಬಾಲ ಅಲ್ಲಾಡಿಸಿತು. ಹಾಳಾದ್ದೇ, ನೂರು ವರ್ಷ ಬದುಕು ಎಂದೆ.

ಫೆಬ್ರವರಿ 12

ಸರಪಳಿ ಖಾಲಿ.

ಇವರು ನಗುತ್ತಾ ಬಂದರು. "ನಿನ್ನ ಮುಖ ನೋಡಿ ತಡ್ಕೊಳಾಕ ಆಗಲಿಲ್ಲ. ನಸುಕಿನ್ಯಾಗ ಹೊಳಿ ಆಚಿ ಬಿಟ್ಟು ಬಂದೆ. ಇನ್ನ ಅದರ ಕಾಟ ಇಲ್ಲ ನಿನಗ."

ಒಂದು ದಿನ! ಒಂದೇ ದಿನ ಉಳಿದಿತ್ತು!

"ಈಗ ನಾಯಿ ಉಳೀತೋ ಸತ್ತಿತೋ ಯಾರಿಗೆ ಗೊತ್ತು?" ಎಂದು ಅತ್ತೆ ಓವಿಯನ್ನು ಎತ್ತಿಕೊಂಡು ಕೋಣೆ ಸೇರಿ ಚಿಲಕ ಹಾಕಿಕೊಂಡರು.

ಸಂಜೆಯವರೆಗೆ ಹೊಳೆಯಾಚೆ ಕಬ್ಬಿನ ಹೊಲಗಳಲ್ಲಿ ಅಲೆದೆ. ಸೆರಗಿನಲ್ಲಿ ರೊಟ್ಟಿ, ಮುಖಕ್ಕೆ ಪಟ್ಟಿ. ಬಾ ಕಂದಾ, ಬಾ ನನ್ನ ಬಂಗಾರ... ಓವಿಗೆ ಆಡುವ ಮಾತನ್ನೆಲ್ಲ ಆ ನಾಯಿಗೆ ಆಡಿದೆ. ಬರಲಿಲ್ಲ.

ಫೆಬ್ರವರಿ 13, ಬೆಳಿಗ್ಗೆ

ನೀರು ಕುಡಿಯುವಾಗ ಗಂಟಲು ಹಿಡಿದಂತಾಯಿತು. ಇಲ್ಲ, ಬರೀ ಹೆದರಿಕೆ. ಮತ್ತೆ ಕುಡಿದೆ. ಇಳಿಯಿತು. ಮತ್ತೊಮ್ಮೆ ಕುಡಿದೆ.

ಅತ್ತೆ ಡೇರಿಗೆ ಹೋಗಿದ್ದಾರೆ. ಓವಿ ಎದ್ದಳು. ಅಳುತ್ತಿದ್ದಾಳೆ. ರವಿಕೆ ಒದ್ದೆ. ಇವತ್ತು ಚಿಲಕ ಹೊರಗಡೆಯಿಂದ ಹಾಕಿದೆ, ನನ್ನ ಕಡೆಗೆ. ನಾನೇ ತೆಗೆಯಬಹುದು. ಕುಡಸವ್ವಾ ಎಂದಿದ್ದರಲ್ಲ ಡಾಕ್ಟರ್‌ಬಾಯಿ.

ಹೋದೆ. ಚಿಲಕ ಮುಟ್ಟಿ ವಾಪಸು ಬಂದೆ. ಅಯ್ಯೋ, ಯಾರೂ ತಡೆಯುತ್ತಿಲ್ಲ, ಆದರೂ ನನ್ನ ಕೈಯೇ ಯಾಕೆ ಚಿಲಕ ತೆಗೆಯುತ್ತಿಲ್ಲ? ಹಾಲಿಗೆ ನಿಜಕ್ಕೂ ವಿಷ ಇಳಿದಿದ್ದರೆ —