ತೋಳಿನ ಸದ್ದು

ಏಪ್ರಿಲ್ 6, ಸೋಮವಾರ. ಬೆಳಿಗ್ಗೆ 6.20
ತೂಕ 71. ಬಿಪಿ 150/90. ಎಡತೋಳಿನ ಸದ್ದು — ಇದೆ. ನಿನ್ನೆಗಿಂತ ಜೋರು. ಮುಂಗೈಯಿಂದ ಮೇಲಕ್ಕೆ ಝುಂ ಎಂದು ನಿಲ್ಲದ ಮೊರೆತ. ಬೆರಳಿಟ್ಟರೆ ನಡುಕ.

ಆಪರೇಶನ್ ಆಗಿ ಐದು ವಾರ. ಡಾಕ್ಟರ್ ಇಬಾಕಾಚೆ ಈ ತೋಳಿನ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಸೇರಿಸಿ ಹೊಲಿದಿದ್ದಾನೆ. ಕಿಡ್ನಿ ಪೂರ್ತಿ ಕೈಕೊಟ್ಟ ದಿನ ಡಯಾಲಿಸಿಸ್ ಸೂಜಿ ಚುಚ್ಚಲು ನಾಳ ದಪ್ಪಗಾಗಿರಬೇಕಂತೆ. ಬಲತೋಳಿನಲ್ಲಿ ಹೀಗೇ ಹೊಲಿದದ್ದು ಹೋದ ವರ್ಷವೇ ಕೆಟ್ಟಿತು. ಇದೂ ಹೋದರೆ ಕುತ್ತಿಗೆಗೆ ನಳಿಗೆ ತೂರಿಸಿಕೊಂಡು ಬಾಳಬೇಕು. ಹೆದರಿಕೆಯಾಗುತ್ತದೆ. ಮಗಳು ಯಸ್ನಾಗೆ ಹೇಳಿಲ್ಲ.

ವಾಲ್ಪರೈಸೊ ನಗರದ ನೀರು ಸರಬರಾಜಿನಲ್ಲಿ ಮೂವತ್ತೆಂಟು ವರ್ಷ ಸೋರಿಕೆ ಹುಡುಕಿದವನು ನಾನು. ರಸ್ತೆಗೆ ಕೋಲು ಊರಿ, ಕೋಲಿಗೆ ಕಿವಿ ಕೊಟ್ಟು. ಮೊರೆಯುವ ಕೊಳವೆ ಎಂದರೆ ಸೋರುವ ಕೊಳವೆ. ಎಲ್ಲೋ ಹೊಲಿಗೆ ಬಿಟ್ಟಿದೆ. ಹುಡುಗು ಡಾಕ್ಟರ್, ಮುಚ್ಚಿಡುತ್ತಿದ್ದಾನೆ.

ಏಪ್ರಿಲ್ 8, ಬುಧವಾರ
ನರ್ಸ್ ಮರಿತ್ಸಾ ಗುಡ್ಡ ಹತ್ತಿ ಬಂದಳು, ಏದುಸಿರು ಬಿಡುತ್ತ. ಬಲತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಎಡತೋಳಿಗೆ ಸ್ಟೆತಾಸ್ಕೋಪ್ ಇಟ್ಟು, ಹಾಲು ಕುಡಿದ ಬೆಕ್ಕಿನ ಹಾಗೆ ನಕ್ಕಳು. ಸೊಗಸಾಗಿ ಮೊರೆಯುತ್ತಿದೆಯಂತೆ. ಸೊಗಸು!

ಅವಳನ್ನು ಅಡುಗೆಮನೆಗೆ ಕರೆದೊಯ್ದೆ. ನಲ್ಲಿಯನ್ನು ಚೂರೇ ತಿರುಗಿಸಿದೆ. ನೀರು ಗಾಜಿನ ಕಡ್ಡಿಯಂತೆ ಇಳಿಯಿತು. ಇದು ಲ್ಯಾಮಿನಾರ್ — ಪದರದ ಮೇಲೆ ಪದರ ಜಾರುತ್ತದೆ, ಒಂದು ಇನ್ನೊಂದಕ್ಕೆ ಬೆರೆಯುವುದಿಲ್ಲ. ಪೂರ್ತಿ ತಿರುಗಿಸಿದೆ. ಬೆಳ್ಳಗೆ ಕದಡಿ, ಸುಳಿಸುಳಿಯಾಗಿ ಭೋರ್ಗರೆಯಿತು. ಇದು ಟರ್ಬ್ಯುಲೆಂಟ್. ನಮ್ಮ ದೊಡ್ಡ ಪೈಪುಗಳಲ್ಲೆಲ್ಲ ಹರಿಯುವುದು ಇದೇ, ಸರಿ. ಆದರೆ ಸಣ್ಣ ನಾಳ, ನಿಧಾನದ ಹರಿವು, ಮಂದವಾದ ರಕ್ತ — ಅಲ್ಲಿ ಪದರವಾಗಿಯೇ ಹರಿಯಬೇಕು, ಸದ್ದಿಲ್ಲದೆ. ನನ್ನ ತೋಳಿನಲ್ಲಿ ಸುಳಿ ಏಕೆ?

"ಸುಳಿ ಇರ್ಬೇಕು ಅಂತಾನೇ ಸೇರಿಸಿ ಹೊಲಿದಿರೋದು, ದೋನ್ ಎಲಿಯೊ," ಅಂದಳು. "ಜೋರಾಗಿ ನುಗ್ಗೋ ರಕ್ತಾನ ಮೆತ್ತಗಿನ ನಾಳಕ್ಕೆ ಬಿಟ್ಟಿದಾರೆ. ಸದ್ದು ಮಾಡ್ದೆ ಇನ್ನೇನು ಮಾಡುತ್ತೆ? ಅದು ಕೇಳಿಸ್ತಿದ್ರೆ ನಾನು ನಿಶ್ಚಿಂತೆಯಾಗಿ ಮಲಗ್ತೀನಿ."

ಡಾಕ್ಟರ್ ಹೇಳಿಕೊಟ್ಟ ಮಾತು. ಹೊರಡುವಾಗ ಬಾಗಿಲಲ್ಲಿ ಯಸ್ನಾ ಜೊತೆ ಗುಸುಗುಸು. ನಾನು ಹತ್ತಿರ ಹೋದೊಡನೆ ಇಬ್ಬರೂ ಗಪ್‌ಚುಪ್. ಕೇಳಿದರೆ, ಕಿಡ್ನಿಗೆ ಆಗದ ಬೆಣ್ಣೆಹಣ್ಣನ್ನು ನಾನು ಕದ್ದು ತಿನ್ನುತ್ತೇನೆ ಎಂದು ಯಸ್ನಾ ದೂರು ಹೇಳುತ್ತಿದ್ದಳಂತೆ. (ತಿಂದದ್ದು ನಿಜ. ಅರ್ಧ. ಬ್ರೆಡ್ಡಿನ ಮೇಲೆ.) ಆದರೆ ಅಷ್ಟಕ್ಕೇ ಯಾರಾದರೂ ಹಾಗೆ ಪಿಸುಗುಟ್ಟುತ್ತಾರೆಯೇ?

ಏಪ್ರಿಲ್ 10, ಗುಡ್ ಫ್ರೈಡೇ
ಯಸ್ನಾ ಮೀನು ತರಲು ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬನೇ.

ಸೋರುವ ಲೈನಿನಲ್ಲಿ ಮೊದಲು ಮಾಡುವುದೇನು? ಅಗೆಯುವುದಲ್ಲ. ಮೇಲಿನ ವಾಲ್ವ್ ಕಾಲು ಸುತ್ತು ಮುಚ್ಚಿ, ಹರಿವು ತಗ್ಗಿಸಿ, ಕಿವಿ ಕೊಡುವುದು. ಪೆಟ್ಟಿಗೆಯಲ್ಲಿ ನಲ್ಲಿ ರಿಪೇರಿಯ ರಬ್ಬರ್ ಪಟ್ಟಿ ಇತ್ತು. ಮೊಣಕೈ ಕೆಳಗೆ ಕಟ್ಟಿದೆ. ಬಿಗಿಯಾಗಿಯಲ್ಲ. ಕಾಲು ಸುತ್ತು.

ಮೊರೆತ ಇಳಿಯಿತು! ನಾನು ಎಣಿಸಿದ್ದೇ ಸರಿ. ಮೇಲೆ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡೆ.

ಏಪ್ರಿಲ್ 12, ಈಸ್ಟರ್. ಬೆಳಿಗ್ಗೆ 7
ನಿನ್ನೆ ಇನ್ನೊಂದು ಕಾಲು ಸುತ್ತು ಬಿಗಿದಿದ್ದೆ. ಇವತ್ತು ಬಿಚ್ಚಿ ಕಿವಿಯಿಟ್ಟರೆ — ಸದ್ದಿಲ್ಲ. ನಡುಕವೂ ಇಲ್ಲ. ಶುದ್ಧ ಲ್ಯಾಮಿನಾರ್. ಬುಧವಾರ ಮರಿತ್ಸಾಳ ಮುಖ ನೋಡಬೇಕು. ಎಷ್ಟೋ ದಿನದ ಮೇಲೆ ಖುಷಿಯಾಗಿದೆ.

ಏಪ್ರಿಲ್ 13, ಸೋಮವಾರ. ಬೆಳಿಗ್ಗೆ 11. ಆಸ್ಪತ್ರೆ
ಮಾತ್ರೆ ಕೊಡಲು ಬಂದ ಯಸ್ನಾ ತೋಳಿಗೆ ಬೆರಳಿಟ್ಟಳು. ತೆಗೆದಳು. ಮತ್ತೆ ಇಟ್ಟಳು. ಸದ್ದು ನಿಂತಿದೆ, ರಿಪೇರಿಯಾಗಿದೆ ಎಂದೆ. ಅವಳ ಮುಖ ಬಿಳಿಚಿತು. ಮರಿತ್ಸಾಗೆ ಫೋನ್ ಮಾಡಿದಳು. ಬಟ್ಟೆ ಬದಲಿಸಲೂ ಬಿಡದೆ ಟ್ಯಾಕ್ಸಿ ಹತ್ತಿಸಿದಳು.

ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಹನ್ನೆರಡಕ್ಕೆ ಕೊಯ್ದು ತೆಗೆಯುತ್ತಾರಂತೆ. ನಾಳ ಉಳಿಯುವುದು ಖಾತ್ರಿಯಿಲ್ಲ.

ಪದರವಾಗಿ ಹರಿಯುವುದಕ್ಕೂ ಸದ್ದಿಲ್ಲ. ಹರಿಯದೆ ನಿಂತದ್ದಕ್ಕೂ ಸದ್ದಿಲ್ಲ. ಮುಚ್ಚಿಹೋದ ಪೈಪಿಗೆ ಕಿವಿ ಕೊಟ್ಟು ಸುಮ್ಮನೆ ಎದ್ದು ಬರುವ ಮೂರ್ಖರನ್ನು ಎಷ್ಟು ಬೈದಿದ್ದೇನೋ.

11.25
ತೋಳನ್ನು ಏನಾದರೂ ಒತ್ತಿತ್ತೇ ಎಂದು ಇಬಾಕಾಚೆ ಕೇಳಿದ. ಆ ತೋಳಿನಲ್ಲಿ ಬಿಪಿ ನೋಡಿದರೂ ಹೀಗಾಗಬಹುದಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ತೋಳನ್ನು ಹೊದಿಕೆಯೊಳಗೆ ಎಳೆದುಕೊಂಡೆ. ಯಸ್ನಾ ಮಾತ್ರ ತಟ್ಟನೆ ಹೇಳಿದಳು:

"ಬುಧವಾರ ಮರಿತ್ಸಾ ಬಿಪಿ ನೋಡಿದ್ಲು. ಯಾವ ತೋಳು, ಪಪ್ಪಾ? ಇದೇ ತಾನೆ?"

ನಾನು ಬಾಯಿ ಬಿಡಲಿಲ್ಲ. ಒಂದು ಕ್ಷಣ. ಆ ಒಂದು ಕ್ಷಣವೇ ಅವಳಿಗೆ ಸಾಕಾಯಿತು. ದೂರಿನ ಪುಸ್ತಕ ಕೇಳಿಕೊಂಡು ಹೋದಳು. ಹಠ, ಅನುಮಾನ — ಎಲ್ಲ ನನ್ನದೇ ರಕ್ತ.

11.40
ಮರಿತ್ಸಾ ಬಂದಿದ್ದಾಳೆ. ಡ್ಯೂಟಿ ಬಿಟ್ಟು, ಎರಡು ಬಸ್ಸು ಹಿಡಿದು. ಹಣೆಯಲ್ಲಿ ಬೆವರು. ತೋಳನ್ನು ಎತ್ತಿ ನೋಡಿದಳು. ಮೊಣಕೈ ಕೆಳಗೆ ಬೆರಳಗಲದ ನೀಲಿ ಗೆರೆ, ಸುತ್ತಲೂ. ಬಿಪಿ ಪಟ್ಟಿಯ ಗುರುತು ಅಷ್ಟು ಸಣ್ಣಗಿರುವುದಿಲ್ಲ ಎಂದು ಅವಳಿಗೆ ಗೊತ್ತು. ನನ್ನ ಮುಖ ನೋಡಿದಳು.

"ಹೆದರ್ಕೋಬೇಡಿ, ದೋನ್ ಎಲಿಯೊ. ಎಷ್ಟೋ ಸಲ ಮತ್ತೆ ಹರಿಯುತ್ತೆ," ಅಂದಳು. ಹೊದಿಕೆ ಎಳೆದು ಗೆರೆ ಮುಚ್ಚಿದಳು.

ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು.

ಕೌಂಟರಿನಲ್ಲಿ ಯಸ್ನಾ ಇನ್ನೂ ಬರೆಯುತ್ತಿದ್ದಾಳೆ. ಇಲ್ಲಿಂದ ಕಾಣುತ್ತದೆ. ಎರಡನೆಯ ಪುಟ. ಮರಿತ್ಸಾಗೆ ಇಬ್ಬರು ಚಿಕ್ಕ ಮಕ್ಕಳು. ಈ ಕೆಲಸ ಬಿಟ್ಟರೆ ಬೇರೆ ಗತಿಯಿಲ್ಲ.

ಸ್ಟ್ರೆಚರ್ ಬಂತು. ಒಂದು ನಿಮಿಷ ತಡೆಯಲು ಹೇಳಿದ್ದೇನೆ. ಯಸ್ನಾಳನ್ನು ಕೂಗಿದೆ. ಪೆನ್ನು ಹಿಡಿದುಕೊಂಡೇ ಬರುತ್ತಿದ್ದಾಳೆ. ಸಹಿ ಹಾಕಿಲ್ಲ ತಾನೇ ಎಂದು ಮೊದಲು ಕೇಳಬೇಕು. ಆಮೇಲೆ, ಮರಿತ್ಸಾಳ ಎದುರಿಗೇ, ಮಗಳೇ, ತೋಳಿಗೆ ರಬ್ಬರ್ ಪಟ್ಟಿ ಕಟ್ಟಿಕೊಂಡವನು ನಾನೇ —